ಮಕ್ಕಳೊಡನೆ ಹಕ್ಕಿ ಬರೆಯುವುದು

ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಹೊರಟಾಗ ಗೆಳೆಯರು ನನಗೆ ಹಲವು ವಿಷಯಗಳನ್ನು ಸೂಚಿಸಿದರು. ವಿಜಯನಗರ ಸಾಮ್ರಾಜ್ಯದ ಪತನ, ವಚನಕಾರರ ಸಾಮಾಜಿಕ ದೃಷ್ಟಿ, ಗ್ರಾಮ ಪಂಚಾಯತಿಗಳ ಆದಾಯ, ಇವೆಲ್ಲ ಘನವಾದ ವಿಷಯಗಳೇ ಸರಿ. ಆದರೆ ಅವನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ನಾನು ಆರಿಸಿಕೊಂಡಿರುವುದು ಹಕ್ಕಿಯ ಚಿತ್ರವನ್ನು; ಅದರಲ್ಲೂ ಚಿಕ್ಕ ಮಕ್ಕಳು ಸ್ಲೇಟಿನ ಮೇಲೆ ಬಳಪದಿಂದ ಬರೆಯಬಹುದಾದ, ನೋಡಿದವರಿಗೆ ನಗು ತರಿಸುವ ಒಂದು ಸುಲಭ ಹಕ್ಕಿಯನ್ನು. ಪದವಿಯ ಕೊನೆಯ ವರ್ಷದಲ್ಲಿರುವವನಿಗೆ ಇದೇನು ಹುಡುಗಾಟಿಕೆ ಎಂದು ಯಾರಾದರೂ ನಕ್ಕರೆ ಬೇಸರಪಡುವುದಿಲ್ಲ. ನಮ್ಮಲ್ಲಿ ಬಹುಮಂದಿ ನಾಳೆ ಬಿ.ಎಡ್. ಮುಗಿಸಿ ಉಪಾಧ್ಯಾಯರಾಗತಕ್ಕವರು. ಈ ಹುಡುಗಾಟಿಕೆಯಲ್ಲಿ ನಾನು ಕಲಿತದ್ದೂ ಮಾಡಿದ ತಪ್ಪೂ ಅವರಿಗೆ ಉಪಯೋಗಕ್ಕೆ ಬಂದೀತೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಸಿರಿಗೇರಿ. ತುಂಗಭದ್ರಾ ಕಾಲುವೆಯ ನೀರು ಹರಿಯುವ ಕಡೆ ಭತ್ತದ ಗದ್ದೆ, ನೀರು ಹತ್ತದ ಕಡೆ ಕಪ್ಪು ಎರೆಹೊಲ. ತಂದೆತಾಯಿ ಇಬ್ಬರೂ ಕೂಲಿ ಮಾಡುವವರು. ಅವ್ವ ಇಂದಿಗೂ ಹೆಬ್ಬೆಟ್ಟು ಒತ್ತುತ್ತಾಳೆ. ನಮ್ಮ ಮನೆಯಲ್ಲಿ ಹತ್ತನೆಯ ತರಗತಿಯನ್ನು ದಾಟಿದವನು ನಾನೊಬ್ಬನೇ ಆದ್ದರಿಂದ, ರಜೆಗೆ ಊರಿಗೆ ಹೋದಾಗ ಓಣಿಯ ಮಕ್ಕಳಿಗೆಲ್ಲ ನಾನು ‘ಕಾಲೇಜಣ್ಣ’. ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಎಂಟು ಹತ್ತು ಮಕ್ಕಳು ಸ್ಲೇಟು ಹಿಡಿದು ಸೇರುತ್ತಾರೆ. ಮೊದಮೊದಲು ಮಗ್ಗಿ ಹೇಳಿಸುತ್ತಿದ್ದೆ. ಏಳರ ಮಗ್ಗಿಗೆ ಬರುವಷ್ಟರಲ್ಲಿ ಅರ್ಧ ಮಕ್ಕಳು ಮಾಯವಾಗುತ್ತಿದ್ದರು. ಅವರನ್ನು ಹಿಡಿದು ಕೂಡಿಸುವುದಕ್ಕಾಗಿ ಒಂದು ದಿನ ಹಕ್ಕಿಯ ಚಿತ್ರ ತೆಗೆದು ತೋರಿಸಿದೆ. ಅಂದಿನಿಂದ ಮಗ್ಗಿ ಹಿಂದೆ ಸರಿದು ಹಕ್ಕಿ ಮುಂದೆ ಬಂದಿತು.

ನಾನು ಚಿತ್ರಕಲೆಯನ್ನು ಕ್ರಮವಾಗಿ ಕಲಿತವನಲ್ಲ. ಮೊಬೈಲಿನಲ್ಲಿ ನೋಡಿಯೂ ಹಳೆಯ ಡ್ರಾಯಿಂಗ್ ಪುಸ್ತಕವೊಂದನ್ನು ತಿರುವಿಹಾಕಿಯೂ ತಿಳಿದುಕೊಂಡದ್ದಷ್ಟೇ ನನ್ನ ಬಂಡವಾಳ. ಆದರೆ ಈ ವಿದ್ಯೆಯ ಮೊದಲ ಪಾಠಕ್ಕೆ ಅಷ್ಟು ಸಾಕು.

ಮೊದಲು ‘ಕಾರ್ಟೂನು’ ಎಂಬ ಮಾತನ್ನು ವಿಚಾರಿಸೋಣ. ಇದು ಇಟಲಿಯ ಭಾಷೆಯಲ್ಲಿ ದಪ್ಪ ಕಾಗದಕ್ಕೆ ಹೇಳುವ ಮಾತಿನಿಂದ ಬಂದುದು. ಗೋಡೆಯ ಮೇಲೆ ದೊಡ್ಡ ಚಿತ್ರ ಬರೆಯುವ ಮುನ್ನ ಕಲಾವಿದರು ಅದೇ ಅಳತೆಯ ರೇಖಾಚಿತ್ರವನ್ನು ದಪ್ಪ ಕಾಗದದ ಮೇಲೆ ಸಿದ್ಧಪಡಿಸಿಕೊಳ್ಳುತ್ತಿದ್ದರು, ಅದೇ ಕಾರ್ಟೂನು. ೧೮೪೩ರಲ್ಲಿ ಲಂಡನ್ನಿನ ‘ಪಂಚ್’ ಪತ್ರಿಕೆ ಆ ಹೆಸರನ್ನು ಅಣಕದ ಚಿತ್ರಕ್ಕೆ ಬಳಸಿದ ಮೇಲೆ ಅದು ನಗೆಚಿತ್ರವೆಂಬ ಅರ್ಥವನ್ನು ಪಡೆಯಿತು. ಎರಡು ಅರ್ಥಗಳಿಗೂ ಸಾಮಾನ್ಯವಾದ ಒಂದು ಗುಣವುಂಟು: ಬೇಕಾದುದನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಬಿಟ್ಟುಬಿಡುವುದು. ಹಕ್ಕಿಗೆ ಸಾವಿರಾರು ಗರಿಗಳಿದ್ದರೂ ಕಾರ್ಟೂನಿನ ಹಕ್ಕಿಗೆ ಒಂದು ಗರಿಯೂ ಬೇಕಾಗದಿರಬಹುದು. ಆದರೆ ಕೊಕ್ಕು ಬೇಕು.

ಈ ಬಿಟ್ಟುಬಿಡುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ೧೯೬೩-೬೪ರಲ್ಲಿ ನಡೆದ ಉತ್ಖನನದಿಂದ ನವಶಿಲಾಯುಗದ ಜನರ ನೆಲೆ ಬೆಳಕಿಗೆ ಬಂದುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಬಳ್ಳಾರಿಯ ಸಮೀಪದ ಸಂಗನಕಲ್ಲು ಕುಪ್ಪಗಲ್ಲಿನ ಬೆಟ್ಟದ ಬಂಡೆಗಳ ಮೇಲೆ ಆ ಕಾಲದ ಜನ ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ ಎತ್ತುಗಳಿವೆ. ಉದ್ದವಾದ ಕೊಂಬು, ಎದ್ದ ಇಣಿ, ನಾಲ್ಕು ಗೆರೆಯ ಕಾಲು, ಇಷ್ಟೇ ಅದರ ಸಾಮಗ್ರಿ. ಆದರೂ ಸಾವಿರಾರು ವರ್ಷಗಳ ಮೇಲೆ ನೋಡುವವನು ಅದನ್ನು ಕುರಿ ಎನ್ನುವುದಿಲ್ಲ, ಎತ್ತು ಎಂದೇ ಹೇಳುತ್ತಾನೆ. ಯಾವುದನ್ನು ಬಿಡಬಾರದೆಂಬುದು ಆ ಜನಕ್ಕೆ ಗೊತ್ತಿತ್ತು.

ಇನ್ನು ಹಕ್ಕಿಯನ್ನು ಬರೆಯುವ ಕ್ರಮವನ್ನು ಹೇಳುತ್ತೇನೆ. ಸ್ಲೇಟು ಬಳಪ ಇದ್ದರೆ ಉತ್ತಮ; ತಪ್ಪಿದರೆ ಅಳಿಸಬಹುದಾದ್ದರಿಂದ ಮಕ್ಕಳಿಗೆ ಅಂಜಿಕೆಯಿಲ್ಲ. ಅದಿಲ್ಲದಿದ್ದರೆ ಒಲೆಯ ಇದ್ದಿಲು ಮತ್ತು ಹಳೆಯ ಪತ್ರಿಕೆಯ ಅಂಚು, ಅದೂ ಇಲ್ಲವಾದರೆ ಮೆತ್ತನೆಯ ಮಣ್ಣು ಮತ್ತು ಒಂದು ಕಡ್ಡಿ ಸಾಕು.

ಮೊದಲನೆಯದು ಮೊಟ್ಟೆ. ಹಕ್ಕಿ ಮೊಟ್ಟೆಯಿಂದ ಬರುತ್ತದೆ, ಅದರ ಚಿತ್ರವೂ ಮೊಟ್ಟೆಯಿಂದಲೇ ಬರುತ್ತದೆ ಎಂದರೆ ಮಕ್ಕಳು ಎಂದೂ ಮರೆಯುವುದಿಲ್ಲ. ಮೊಟ್ಟೆಯನ್ನು ಹೇಗೆ ಇಟ್ಟೆವೆಂಬುದರ ಮೇಲೆ ಹಕ್ಕಿಯ ಸ್ವಭಾವ ನಿಲ್ಲುತ್ತದೆ. ನೆಟ್ಟಗೆ ನಿಲ್ಲಿಸಿದರೆ ಗೂಬೆ. ಅಡ್ಡಲಾಗಿ ಮಲಗಿಸಿದರೆ ನೀರಿನ ಮೇಲೆ ತೇಲುವ ಬಾತು. ಸ್ವಲ್ಪ ಓರೆಯಾಗಿಸಿದರೆ ಈಗಲೋ ಆಗಲೋ ಹಾರಿಹೋಗಬಹುದಾದ ಗುಬ್ಬಿ.

ಎರಡನೆಯದು ತಲೆಗಾಗಿ ಒಂದು ದುಂಡು. ಅದನ್ನು ಮೊಟ್ಟೆಯ ಮೇಲುತುದಿಗೆ ಅಂಟಿಸಿದರೆ ಕುತ್ತಿಗೆಯಿಲ್ಲದ ಗುಬ್ಬಿಯಾಗುತ್ತದೆ. ದೂರ ಬರೆದು ಎರಡು ಗೆರೆಗಳಿಂದ ಕೂಡಿಸಿದರೆ ಬೆಳ್ಳಕ್ಕಿಯಾಗುತ್ತದೆ. ತಲೆ ದೊಡ್ಡದಾಗಿ ಒಡಲು ಚಿಕ್ಕದಾದರೆ ಮರಿಯಾಗಿ ಕಾಣುತ್ತದೆ. ದೊಡ್ಡ ತಲೆ, ದೊಡ್ಡ ಕಣ್ಣು, ದುಂಡು ಕೆನ್ನೆಗಳನ್ನು ಕಂಡರೆ ನಮ್ಮ ಮನಸ್ಸು ಅದನ್ನು ಶಿಶುವೆಂದು ತಿಳಿದು ಕರಗುತ್ತದೆಂದು ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸಿದ ಕೊನ್ರಾಡ್ ಲೊರೆನ್ಸ್ ೧೯೪೩ರಲ್ಲಿ ಬರೆದರು. ನಗೆಚಿತ್ರದ ಹಕ್ಕಿಗಳಿಗೆಲ್ಲ ತಲೆ ದಪ್ಪಗಿರುವುದರ ಗುಟ್ಟು ಇದೇ.

ಮೂರನೆಯದು ಕೊಕ್ಕು. ಒಂದು ತ್ರಿಕೋನ ಬರೆದರೆ ಕೊಕ್ಕಾಯಿತೆಂದು ಹೇಳಿಬಿಡುವುದುಂಟು. ಆದರೆ ಎಂಥ ತ್ರಿಕೋನ? ಕಾಳು ಒಡೆಯುವ ಗುಬ್ಬಿಗೆ ಗಿಡ್ಡನೆಯ ದಪ್ಪ ಕೊಕ್ಕು. ಮೀನು ಹಿಡಿಯುವ ಮಿಂಚುಳ್ಳಿಗೆ ಉದ್ದನೆಯ ನೇರ ಕೊಕ್ಕು. ಗಿಳಿಗೆ ಬಾಗಿದ ಕೊಕ್ಕು. ಕೆಸರು ಜಾಲಾಡುವ ಬಾತಿಗೆ ಚಪ್ಪಟೆ ಕೊಕ್ಕು. ಹಕ್ಕಿಯ ಊಟವೇ ಅದರ ಕೊಕ್ಕನ್ನು ತೀರ್ಮಾನಿಸುತ್ತದೆ.

ನಾಲ್ಕನೆಯದು ಕಣ್ಣು. ಒಂದು ಚಿಕ್ಕ ವೃತ್ತ, ಅದರೊಳಗೆ ಒಂದು ಚುಕ್ಕೆ. ಚುಕ್ಕೆ ಮೇಲಿದ್ದರೆ ಹಕ್ಕಿ ಆಕಾಶ ನೋಡುತ್ತದೆ. ಕೆಳಗಿದ್ದರೆ ಹುಳುವನ್ನು ಹುಡುಕುತ್ತದೆ. ಮೇಲೊಂದು ಓರೆಗೆರೆ ಎಳೆದರೆ ಸಿಟ್ಟು, ಅರ್ಧ ಮುಚ್ಚಿದರೆ ನಿದ್ದೆ. ಮಕ್ಕಳು ಅತಿ ಹೆಚ್ಚು ನಗುವುದು ಈ ಹಂತದಲ್ಲಿ. ಗೂಬೆಯ ಎರಡು ಕಣ್ಣುಗಳೂ ನಮ್ಮ ಹಾಗೆ ಮುಂದಕ್ಕಿವೆ. ಬಹುಪಾಲು ಹಕ್ಕಿಗಳಿಗೆ ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಪಕ್ಕದಿಂದ ಬರೆದಾಗ ಒಂದೇ ಕಣ್ಣು ಕಾಣತಕ್ಕದ್ದು.

ಐದನೆಯದು ರೆಕ್ಕೆ ಮತ್ತು ಬಾಲ. ಮಾವಿನೆಲೆಯೊಂದನ್ನು ಮೊಟ್ಟೆಯ ನಡುವೆ ಇಟ್ಟಂತೆ ಬರೆದರೆ ಮಡಿಸಿದ ರೆಕ್ಕೆ. ಕಸಬರಿಗೆಯ ತುದಿಯಂತೆ ಹಿಂದೆ ಎರಡು ಮೂರು ಗೆರೆ ಎಳೆದರೆ ಬಾಲ.

ಕೊನೆಯದು ಕಾಲು. ಇಲ್ಲಿ ಎಲ್ಲರೂ ಎಡವುತ್ತಾರೆ. ಕಾಲುಗಳನ್ನು ಬಾಲದ ಹತ್ತಿರ ಇಟ್ಟರೆ ಹಕ್ಕಿ ಮೂಗು ಮುಂದಾಗಿ ಬೀಳುವಂತೆ ಕಾಣುತ್ತದೆ. ಒಡಲಿನ ಭಾರ ಎಲ್ಲಿದೆಯೋ ಅದರ ಕೆಳಗೆ, ಅಂದರೆ ಮೊಟ್ಟೆಯ ನಡುಭಾಗದಿಂದ, ಕಾಲು ಇಳಿಯಬೇಕು. ಹಕ್ಕಿಯ ಮೊಣಕಾಲು ಹಿಂದಕ್ಕೆ ಬಾಗುತ್ತದೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅದು ಮೊಣಕಾಲಲ್ಲ, ಹರಡು. ನಿಜವಾದ ಮೊಣಕಾಲು ಮೇಲೆ ಗರಿಗಳೊಳಗೆ ಅಡಗಿದೆ. ಹಕ್ಕಿ ಬೆರಳುಗಳ ಮೇಲೆ ನಡೆಯುವ ಪ್ರಾಣಿ. ಕಾಗೆ, ಗುಬ್ಬಿ, ಕೋಳಿಗಳಿಗೆ ಮೂರು ಬೆರಳು ಮುಂದೆ, ಒಂದು ಹಿಂದೆ. ಗಿಳಿಗೆ ಮಾತ್ರ ಮುಂದೆರಡು, ಹಿಂದೆರಡು.

ಇಷ್ಟು ಹೇಳಿದರೆ ಹತ್ತು ನಿಮಿಷದಲ್ಲಿ ಯಾವ ಮಗುವಾದರೂ ಒಂದು ಹಕ್ಕಿಯನ್ನು ಬರೆಯುತ್ತದೆ. ಮೊದಲ ಬೇಸಗೆಯಲ್ಲಿ ನಾನು ಇದನ್ನೇ ಮಾಡಿಸಿದೆ. ಕಟ್ಟೆಯ ಗೋಡೆಗೆ ಒಂಬತ್ತು ಸ್ಲೇಟುಗಳನ್ನು ಸಾಲಾಗಿ ಒರಗಿಸಿ, ಒಂಬತ್ತರಲ್ಲೂ ಓರೆ ಮೊಟ್ಟೆಯ ದುಂಡು ತಲೆಯ ಹಕ್ಕಿಗಳು ಕುಳಿತಿರುವುದನ್ನು ಕಂಡು ಬಹಳ ಹಿಗ್ಗಿದೆ. ಕೂಲಿಯಿಂದ ಬಂದ ಅವ್ವ ಕೈಕಾಲು ತೊಳೆದುಕೊಂಡು ಬಂದು ಅವನ್ನು ನೋಡಿದಳು.

“ಇವು ಯಾವ ಹಕ್ಕಿ?” ಎಂದು ಕೇಳಿದಳು.

“ಹಕ್ಕಿ ಅವ್ವ” ಎಂದೆ.

“ಹಕ್ಕಿ ಅಂಬೋದು ನನಗೂ ಕಾಣ್ತದಪ್ಪ. ಯಾವ ಹಕ್ಕಿ ಅಂತ ಕೇಳಿದೆ.”

ನನ್ನಲ್ಲಿ ಉತ್ತರವಿರಲಿಲ್ಲ. ಅದು ಗುಬ್ಬಿಯಲ್ಲ, ಕಾಗೆಯಲ್ಲ, ಗೊರವಂಕವೂ ಅಲ್ಲ. ಯಾವ ಮರದ ಮೇಲೂ ಕೂರದ, ಯಾವ ಕಾಳನ್ನೂ ತಿನ್ನದ ಹಕ್ಕಿ ಅದು. ನಾನು ಪಟ್ಟಿಮಾಡಿದ ಕೊಕ್ಕುಗಳೆಲ್ಲ ಬಾಯಿಮಾತಿನಲ್ಲೇ ಉಳಿದು, ಮಕ್ಕಳೆಲ್ಲರೂ ನನ್ನ ಸ್ಲೇಟಿನ ಮೇಲಿದ್ದ ಒಂದೇ ಕೊಕ್ಕನ್ನು ನಕಲು ಮಾಡಿದ್ದರು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಆ ಮಕ್ಕಳಲ್ಲಿ ಎರಡನೆಯ ತರಗತಿಯ ಒಬ್ಬ ಹುಡುಗಿ ಮೊದಲ ದಿನ ತನ್ನ ಸ್ಲೇಟಿನ ಮೇಲೆ ತಾನೇ ಒಂದು ಕೋಳಿಯನ್ನು ಬರೆದುಕೊಂಡು ಬಂದಿದ್ದಳು. ಆ ಕೋಳಿಯ ಹೊಟ್ಟೆಯೊಳಗೆ ಮೂರು ಮೊಟ್ಟೆಗಳು ಕಾಣುತ್ತಿದ್ದವು. ನಾನು ನಕ್ಕು, “ಹೊಟ್ಟಿ ಒಳಗಿಂದು ಹೊರಗ ಕಾಣ್ತದೇನು?” ಎಂದು ಅಂಗೈಯಿಂದ ಅದನ್ನು ಅಳಿಸಿ, ಮೊಟ್ಟೆ ದುಂಡುಗಳ ನನ್ನ ಹಕ್ಕಿಯನ್ನು ಬರೆದುಕೊಟ್ಟೆ. ಅವಳು ಅದನ್ನು ಎಲ್ಲರಿಗಿಂತ ಬೇಗ ಕಲಿತಳು. ವಾರ ಕಳೆದ ಮೇಲೆ, ಅವ್ವನ ಮಾತು ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದ, “ನಿನ್ನ ಕೋಳಿ ತೆಗಿ ನೋಡೋಣ” ಎಂದು ಅವಳನ್ನು ಕೇಳಿದೆ. ಅವಳು ಬಳಪವನ್ನು ನನ್ನ ಕಡೆಗೆ ಚಾಚಿ, “ಕೋಳಿ ನನಗ ಬರಲ್ಲಣ್ಣ, ನೀನೇ ತಗದು ಕೊಡು” ಎಂದಳು.

ವಾರದ ಹಿಂದೆ ಕೋಳಿ ಬರುತ್ತಿದ್ದ ಮಗುವಿಗೆ ಈಗ ಕೋಳಿ ಬರುವುದಿಲ್ಲ. ಕಲಿಸಿದವನು ನಾನು. ನಾನು ಚಿಕ್ಕವನಿದ್ದಾಗ ಶಾಲೆಯಲ್ಲಿ ಒಬ್ಬ ಗುರುಗಳು ನನ್ನ ನವಿಲನ್ನು “ಇದು ನವಿಲೋ ಹುಣಸೆಗಿಡವೋ” ಎಂದು ತರಗತಿಗೆಲ್ಲ ತೋರಿಸಿ ಅಳಿಸಿದ್ದರು. ಆ ಮೇಲೆ ಅನೇಕ ವರ್ಷ ನಾನು ಚಿತ್ರದ ಗೊಡವೆಗೆ ಹೋಗಲಿಲ್ಲ. ಆ ನೋವನ್ನು ನೆನಪಿನಲ್ಲಿಟ್ಟುಕೊಂಡವನೇ ಅದೇ ಅಂಗೈಯನ್ನು ಇನ್ನೊಂದು ಸ್ಲೇಟಿನ ಮೇಲೆ ಇಟ್ಟಿದ್ದೆ.

ಕಾಲೇಜು ತೆರೆದ ಮೇಲೆ ಇದರ ಬಗ್ಗೆ ಓದಲು ತೊಡಗಿದೆ. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಪ್ರಾಧ್ಯಾಪಕರು ಮಕ್ಕಳ ಚಿತ್ರಗಳನ್ನು ಕುರಿತು ೧೯೪೭ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಮಕ್ಕಳ ಚಿತ್ರವು ಕೆಟ್ಟ ಚಿತ್ರವಲ್ಲ, ಬೆಳೆಯುವ ಮನಸ್ಸಿನ ಗುರುತು ಎಂಬುದು ಅವರ ಮುಖ್ಯ ವಾದ. ಸುಮಾರು ಎರಡರಿಂದ ನಾಲ್ಕು ವರ್ಷದ ಮಗು ಗೀಚುತ್ತದೆ. ನಾಲ್ಕರಿಂದ ಏಳರವರೆಗೆ ಗೀಚಿನಲ್ಲಿ ಆಕಾರಗಳು ಮೂಡುತ್ತವೆ. ಏಳರಿಂದ ಒಂಬತ್ತರೊಳಗೆ ಪ್ರತಿಯೊಂದು ವಸ್ತುವಿಗೂ ಮಗು ತನ್ನದೇ ಒಂದು ರೂಪವನ್ನು ಕಂಡುಕೊಳ್ಳುತ್ತದೆ. ಒಂಬತ್ತು ದಾಟಿದ ಮೇಲೆ ನೋಡಿದ ಹಾಗೆಯೇ ಬರೆಯಬೇಕೆಂಬ ಹಂಬಲ ಹುಟ್ಟಿ, ಬಾರದಿದ್ದಾಗ ನಾಚಿಕೆಯೂ ಹುಟ್ಟುತ್ತದೆ. ಹೊಟ್ಟೆಯೊಳಗಿನ ಮೊಟ್ಟೆಯನ್ನು ಹೊರಗೆ ಕಾಣುವಂತೆ ಬರೆಯುವುದು ಆ ವಯಸ್ಸಿನ ಮಕ್ಕಳಲ್ಲಿ ಎಲ್ಲ ದೇಶಗಳಲ್ಲಿಯೂ ಕಾಣುವ ರೀತಿಯಂತೆ. ಕಣ್ಣಿಗೆ ಕಾಣುವುದನ್ನಲ್ಲ, ತನಗೆ ತಿಳಿದಿರುವುದನ್ನು ಮಗು ಬರೆಯುತ್ತದೆ. ಕೋಳಿ ಮೊಟ್ಟೆಯಿಡುತ್ತದೆಂಬುದು ಆ ಹುಡುಗಿಗೆ ತಿಳಿದಿತ್ತು, ಮುಖ್ಯವೆಂದು ತೋರಿತ್ತು, ಬರೆದಳು. ಅಷ್ಟೇ.

ಆಶ್ಚರ್ಯದ ಸಂಗತಿಯೆಂದರೆ ಆ ಗ್ರಂಥದ ಮುಂದಿನ ಆವೃತ್ತಿಗಳಲ್ಲಿ ನನ್ನ ತಪ್ಪಿನ ಚಿತ್ರವೇ ಇದೆಯೆನ್ನಬಹುದು, ಅದೂ ಹಕ್ಕಿಯ ಚಿತ್ರ. ಒಂದು ಮಗು ಮೊದಲು ತನ್ನ ಮನಸ್ಸಿನಿಂದ ಹಕ್ಕಿಗಳನ್ನು ಬರೆದಿದೆ. ಬಳಿಕ ಅದಕ್ಕೆ ಅಭ್ಯಾಸಪುಸ್ತಕದ ಅಚ್ಚಿನ ಹಕ್ಕಿಯನ್ನು ಕೊಟ್ಟಿದ್ದಾರೆ. ಆ ಮೇಲೆ ಮಗು ಬರೆದ ಹಕ್ಕಿಗಳಲ್ಲಿ ಅದರ ಸ್ವಂತದ್ದು ಹೋಗಿ ಅಚ್ಚಿನ ಹಕ್ಕಿಯ ನೆರಳು ಉಳಿದಿದೆ. ಸಿರಿಗೇರಿಯ ಕಟ್ಟೆಯ ಮೇಲೆ ನಡೆದದ್ದೂ ಇದೇ.

ಹಾಗಾದರೆ ಮೊಟ್ಟೆ, ದುಂಡು, ತ್ರಿಕೋನಗಳನ್ನು ಹೇಳಿಕೊಡಲೇಬಾರದೆ? ನನಗೆ ಹಾಗೆ ತೋರುವುದಿಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು ಅವ್ವನಿಂದ. ಹಬ್ಬದ ದಿನ ಅವಳು ಅಂಗಳದಲ್ಲಿ ಚುಕ್ಕೆಯಿಟ್ಟು ಜೋಡಿ ಗಿಳಿಯ ರಂಗೋಲಿ ಹಾಕುತ್ತಾಳೆ. ಎದುರು ಮನೆಯವರೂ ಅಷ್ಟೇ ಚುಕ್ಕೆಯಿಟ್ಟು ಗಿಳಿಯನ್ನೇ ಹಾಕುತ್ತಾರೆ. ಆದರೆ ಅವ್ವನ ಗಿಳಿಯ ಕೊಕ್ಕಿನಲ್ಲಿ ಸಜ್ಜೆಯ ತೆನೆಯಿರುತ್ತದೆ. ಎದುರು ಮನೆಯ ಗಿಳಿಗಳು ಒಂದಕ್ಕೊಂದು ಮುಖ ತಿರುಗಿಸಿರುತ್ತವೆ. ಇದೇಕೆಂದು ಕೇಳಿದರೆ ಅವ್ವ, “ಚುಕ್ಕಿ ಎಲ್ಲಾರೂ ಒಂದೇ ಇಡ್ತಾರ. ಗಿಣಿ ಮಾತ್ರ ಅವರವರ ಮನಿಗೆ ಬ್ಯಾರೆ” ಎಂದಳು. ಮೊಟ್ಟೆಯೂ ದುಂಡೂ ಚುಕ್ಕೆಗಳಿದ್ದ ಹಾಗೆ. ಅವನ್ನು ಕೊಡಬಹುದು, ಗಿಳಿಯನ್ನು ಕೊಡಬಾರದು. ಅಕ್ಷರ ಕಲಿಸಿದವನು ಮಗುವಿನ ಪತ್ರವನ್ನೂ ತಾನೇ ಬರೆದುಕೊಡುವನೆ?

ಎರಡನೆಯ ಬೇಸಗೆಯಲ್ಲಿ ನನ್ನ ಕ್ರಮವನ್ನು ಬದಲಿಸಿದೆ. ಅದನ್ನು ಇಲ್ಲಿ ಹೇಳಿದರೆ ಉಪಾಧ್ಯಾಯರಾಗುವ ಮಿತ್ರರಿಗೆ ಅನುಕೂಲವಾದೀತು.

ಮೊದಲು ಹತ್ತು ನಿಮಿಷ ಬಳಪ ಮುಟ್ಟುವುದಿಲ್ಲ, ನೋಡುತ್ತೇವೆ. ನೋಡುವುದಕ್ಕೆ ಕಾಡಿಗೆ ಹೋಗಬೇಕಾಗಿಲ್ಲ. ತಿಪ್ಪೆಯ ಮೇಲಿನ ಕೋಳಿ, ತಂತಿಯ ಮೇಲಿನ ಕಾಜಾಣ, ಗದ್ದೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ನಡೆಯುವ ಬೆಳ್ಳಕ್ಕಿ ಸಾಕು. ಗುಬ್ಬಿ ಎರಡೂ ಕಾಲು ಕೂಡಿಸಿ ಕುಪ್ಪಳಿಸುತ್ತದೆ, ಗೊರವಂಕ ಮನುಷ್ಯನಂತೆ ಹೆಜ್ಜೆ ಹಾಕುತ್ತದೆಂಬುದನ್ನು ಕಂಡುಹಿಡಿದದ್ದು ಆರು ವರ್ಷದ ಒಬ್ಬ ಹುಡುಗ. ಗಂಡುಗುಬ್ಬಿಗೆ ಕೊರಳಡಿ ಕಪ್ಪು ಮಚ್ಚೆಯಿದೆ, ಹೆಣ್ಣಿಗೆ ಇಲ್ಲ ಎಂಬುದನ್ನು ನಾನು ಗಮನಿಸಿದ್ದು ಅವರೊಡನೆ ಕುಳಿತ ಮೇಲೆಯೇ.

ಎರಡನೆಯದಾಗಿ, ತೋರಿಸುವುದಕ್ಕೆ ಬದಲು ಕೇಳುತ್ತೇನೆ. ನಿನ್ನ ಹಕ್ಕಿ ಏನು ತಿನ್ನುತ್ತದೆ? ಆ ಬಾಯಿಗೆ ಅದು ಹಿಡಿಸುತ್ತದೆಯೆ? ಎಲ್ಲಿ ಕುಳಿತಿದೆ? ಯಾರಿಗೆ ಅಂಜಿದೆ? ಈ ಪ್ರಶ್ನೆಗಳಿಗೆ ಮಗು ಬಳಪದಿಂದಲೇ ಉತ್ತರ ಕೊಡುತ್ತದೆ.

ಮೂರನೆಯದಾಗಿ, ಮೊಟ್ಟೆ ದುಂಡುಗಳನ್ನು ಹೇಳುವಾಗ ಒಂದನ್ನಲ್ಲ, ಮೂರು ನಾಲ್ಕು ಬಗೆಯನ್ನು ಬರೆದು, ಮಕ್ಕಳು ಬಳಪ ಹಿಡಿಯುವ ಮೊದಲೇ ಎಲ್ಲವನ್ನೂ ಅಳಿಸಿಬಿಡುತ್ತೇನೆ. ಅಳಿಸುವುದು ನನ್ನ ಸ್ಲೇಟನ್ನು. ಮಕ್ಕಳ ಸ್ಲೇಟನ್ನು ನಾನು ಮುಟ್ಟುವುದಿಲ್ಲ. ಇದು ನಾನೇ ಹಾಕಿಕೊಂಡ ನಿಯಮ.

ನಾಲ್ಕನೆಯದಾಗಿ, ವಯಸ್ಸನ್ನು ನೋಡುತ್ತೇನೆ. ಐದಾರು ವರ್ಷದ ಮಗುವಿಗೆ ಮೊಟ್ಟೆ ದುಂಡುಗಳ ಪಾಠವೇ ಬೇಡ. ಅದರ ಹಕ್ಕಿಗೆ ನಾಲ್ಕು ಕಾಲಿದ್ದರೂ ಇರಲಿ. ಎರಡನ್ನು ಅದೇ ಒಂದು ದಿನ ತೆಗೆಯುತ್ತದೆ. ಒಂಬತ್ತು ಹತ್ತರ ಮಕ್ಕಳು “ಸರಿಯಾಗಿಲ್ಲ” ಎಂದು ತಾವೇ ಗೊಣಗಲು ತೊಡಗಿದಾಗ ಮೊಟ್ಟೆಯ ಲೆಕ್ಕ ಹೇಳಿದರೆ ಅದು ಅವರಿಗೆ ಊರುಗೋಲಾಗುತ್ತದೆ.

ನೋಡುವುದರಿಂದ ಎಷ್ಟು ದೂರ ಹೋಗಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಆರ್. ಕೆ. ಲಕ್ಷ್ಮಣ್ ಅವರು ೧೯೨೧ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಬಾಲಕನಾಗಿದ್ದಾಗ ಶಾಲೆಯಲ್ಲಿ ಅವರು ಬರೆದ ಅರಳಿ ಎಲೆಯೊಂದನ್ನು ಉಪಾಧ್ಯಾಯರು ಮೆಚ್ಚಿದ್ದೇ ತಾನು ಚಿತ್ರಕಾರನಾಗಬಲ್ಲೆನೆಂಬ ನಂಬಿಕೆಯನ್ನು ಅವರಲ್ಲಿ ಹುಟ್ಟಿಸಿತಂತೆ. ಮುಂಬಯಿಯ ಜೆ. ಜೆ. ಕಲಾಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಅವರು ಮೈಸೂರಿನಲ್ಲಿಯೇ ಬಿ.ಎ. ಓದಿದರು. ‘ಶ್ರೀಸಾಮಾನ್ಯ’ನನ್ನು ಸೃಷ್ಟಿಸಿ ದೇಶದ ವ್ಯಂಗ್ಯಚಿತ್ರಕಾರರಲ್ಲಿ ಅಗ್ರಗಣ್ಯರೆನಿಸಿದ ಮೇಲೆಯೂ, ೨೦೧೫ರಲ್ಲಿ ತೀರಿಕೊಳ್ಳುವವರೆಗೆ, ಅವರಿಗೆ ಪ್ರಿಯವಾಗಿದ್ದ ಹಕ್ಕಿ ಕಾಗೆ. ನವಿಲಲ್ಲ, ಹಂಸವಲ್ಲ, ಯಾರೂ ತಿರುಗಿ ನೋಡದ ಕಾಗೆ. ಚಿಕ್ಕಂದಿನಿಂದ ಅದನ್ನು ನೋಡುತ್ತಲೇ ಇದ್ದು, ಬರೆಯುತ್ತಲೇ ಇದ್ದರು. ಕಾಗೆಯನ್ನು ಬರೆಯುವುದೆಂದರೆ ಕಪ್ಪು ಬಳಿಯುವುದೆಂದು ನಾವು ತಿಳಿದಿದ್ದೇವೆ. ಊರಕಾಗೆಯ ಕೊರಳು ಬೂದುಬಣ್ಣದ್ದೆಂದು ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೇವೆ? ಒಂದು ಅರಳಿ ಎಲೆಗೆ ಸಿಕ್ಕ ಮೆಚ್ಚುಗೆಯ ಫಲವನ್ನೂ, ಅಳಿಸಿದ ಒಂದು ನವಿಲಿನ ಫಲವನ್ನೂ ನಾನು ಆಗಾಗ ಪಕ್ಕಪಕ್ಕದಲ್ಲಿಟ್ಟು ಯೋಚಿಸುತ್ತೇನೆ. ನನ್ನನ್ನು ಲಕ್ಷ್ಮಣರಿಗೆ ಹೋಲಿಸಿಕೊಳ್ಳುವ ಧಾರ್ಷ್ಟ್ಯದಿಂದಲ್ಲ. ಉಪಾಧ್ಯಾಯರ ಒಂದು ಕೈ ಎಷ್ಟು ಮಾಡಬಲ್ಲದೆಂಬುದಕ್ಕಾಗಿ.

ನಮ್ಮ ಸಿರಿಗೇರಿಯ ಮಕ್ಕಳಿಗೆ ಹಕ್ಕಿಯನ್ನು ನೋಡಿ ಬರೆಯುವ ಪಾಠ ಬೇಕೆನ್ನುವುದಕ್ಕೆ ಇನ್ನೊಂದು ಕಾರಣವಿದೆ. ಸಿರುಗುಪ್ಪ ತಾಲ್ಲೂಕಿನ ಎರೆಭೂಮಿಯು ಎರೆಭೂತ ಅಥವಾ ದೊರವಾಯನ ಹಕ್ಕಿಯು ಕರ್ನಾಟಕದಲ್ಲಿ ಇತ್ತೀಚಿನ ವರ್ಷಗಳಲ್ಲಿಯೂ ಕಾಣಿಸಿಕೊಂಡ ಕೆಲವೇ ನೆಲೆಗಳಲ್ಲೊಂದು. ಹೆಸರಿನಲ್ಲಿಯೇ ನಮ್ಮ ಎರೆಮಣ್ಣು ಇದೆ. ಸುಮಾರು ೧ ಮೀಟರು ಎತ್ತರ. ಗಂಡುಹಕ್ಕಿ ೧೫ ಕಿಲೋವರೆಗೂ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಅತಿ ಭಾರವಾದವುಗಳಲ್ಲಿ ಒಂದು. ನೆಲದ ಮೇಲೆಯೇ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಅದರ ಹೆಸರಿದೆ. ೨೦೧೧ರಲ್ಲಿ ಅದನ್ನು ಅಳಿವಿನ ತೀರ ಅಂಚಿಗೆ ಬಂದ ಜೀವಿಯೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಿದರು. ಲೋಕದಲ್ಲಿ ಉಳಿದಿರುವವು ಇನ್ನೂರಕ್ಕೂ ಕಡಿಮೆಯೆಂದು ಅಂದಾಜು.

ಇದನ್ನು ಬರೆಯುವುದು ಹೇಗೆ? ಕ್ರಮ ಹಿಂದೆ ಹೇಳಿದ್ದೇ. ದೊಡ್ಡ ಮೊಟ್ಟೆಯನ್ನು ಅಡ್ಡಲಾಗಿ ಇಡಿ. ದಪ್ಪನೆಯ ಬಿಳಿ ಕುತ್ತಿಗೆಯನ್ನು ಕಂಬದಂತೆ ನಿಲ್ಲಿಸಿ. ಚಿಕ್ಕ ತಲೆಗೆ ಕಪ್ಪು ಟೋಪಿ ಹಾಕಿ. ಉದ್ದನೆಯ ಗಟ್ಟಿ ಕಾಲು. ಬೆರಳು ಮೂರೇ, ಮೂರೂ ಮುಂದಕ್ಕೆ. ಕೊಂಬೆ ಹಿಡಿಯಬೇಕಾಗಿಲ್ಲದ ನೆಲದ ಹಕ್ಕಿಗೆ ಹಿಂದಿನ ಬೆರಳಿಲ್ಲ. ಕಣ್ಣು ತಲೆಯ ಪಕ್ಕಕ್ಕೆ ಇರಲಿ. ಈ ಕಣ್ಣಿನ ಸ್ಥಾನವೇ ಅದಕ್ಕೆ ಇಂದು ಮುಳುವಾಗಿದೆ. ಎದುರಿಗಿರುವುದು ಅದಕ್ಕೆ ಚೆನ್ನಾಗಿ ಕಾಣುವುದಿಲ್ಲ. ಭಾರವಾದ ಒಡಲು, ತಟ್ಟನೆ ತಿರುಗಲಾರದು. ಆದ್ದರಿಂದ ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತದೆ. ಮಕ್ಕಳಿಗೆ ಇದನ್ನು ಹೇಳಿದಾಗ ಒಬ್ಬ ಹುಡುಗ ತನ್ನ ಚಿತ್ರದಲ್ಲಿ ಹಕ್ಕಿಯ ಮುಂದೆ ಕಂಬವನ್ನೂ ತಂತಿಯನ್ನೂ ಬರೆದು, ತಂತಿಯ ತುಂಬ ಕೆಂಪು ಬಟ್ಟೆಯ ತುಂಡುಗಳನ್ನು ನೇತುಹಾಕಿದ. ಅದೇನೆಂದು ಕೇಳಿದೆ. “ಕಾಣಲಿ ಅಂತಣ್ಣ” ಎಂದ. ಅಂಥ ತಂತಿಗಳ ಮೇಲೆ ಹಕ್ಕಿಗೆ ಕಾಣುವಂಥ ಬಿಲ್ಲೆಗಳನ್ನು ತೂಗುಹಾಕುವ ಕೆಲಸ ರಾಜಸ್ಥಾನದಲ್ಲಿ ನಡೆದಿದೆಯೆಂಬುದು ಆ ಹುಡುಗನಿಗೆ ಗೊತ್ತಿರಲಿಲ್ಲ. ಹಕ್ಕಿಯ ಕಣ್ಣನ್ನು ಎಲ್ಲಿಡಬೇಕೆಂದು ಯೋಚಿಸಿದವನಿಗೆ ಅದು ತಾನಾಗಿಯೇ ಹೊಳೆಯಿತು.

ಹೆಸರಿಲ್ಲದ ಅಚ್ಚಿನ ಹಕ್ಕಿಯನ್ನು ಕಲಿತ ಮಗುವಿಗೆ ಎರೆಭೂತ ಅಳಿದುಹೋದರೆ ಯಾವ ನಷ್ಟವೂ ತೋರದು. ಅದರ ಸ್ಲೇಟಿನ ಹಕ್ಕಿ ಹಾಗೆಯೇ ಇರುತ್ತದಷ್ಟೆ. ಇದು ಇಂಥ ಹಕ್ಕಿ, ಇದರ ಬೆರಳು ಮೂರು ಎಂದು ಬರೆದ ಮಗುವಿಗೆ ಮಾತ್ರ ಅದು ತನ್ನದೆನ್ನಿಸೀತು.

ಆ ಹುಡುಗಿಯ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಎರಡನೆಯ ಬೇಸಗೆಯಲ್ಲಿ ಅವಳು ಬಹಳ ದಿನ ಏನನ್ನೂ ಬರೆಯಲಿಲ್ಲ. ಎಲ್ಲರೊಡನೆ ಬಂದು ಕುಳಿತು ನೋಡಿ ಹೋಗುತ್ತಿದ್ದಳು. ನಾನೂ ಒತ್ತಾಯಿಸಲಿಲ್ಲ. ರಜೆ ಮುಗಿಯುವ ಹೊತ್ತಿಗೆ ಅವರ ಮನೆಯ ಕೋಳಿ ಕಾವಿಗೆ ಕುಳಿತಿತು. ಒಂದು ಸಂಜೆ ಅವಳು ಸ್ಲೇಟನ್ನು ಮಗುಚಿ ಹಿಡಿದುಕೊಂಡು ಬಂದು, ಯಾರಿಗೂ ತೋರಿಸದೆ ನನ್ನ ಪಕ್ಕದಲ್ಲಿಟ್ಟಳು. ಬುಟ್ಟಿಯಲ್ಲಿ ಒಂದು ಕೋಳಿ. ಕುತ್ತಿಗೆಯನ್ನು ಒಳಗೆಳೆದುಕೊಂಡು, ಯಾರಾದರೂ ಹತ್ತಿರ ಬಂದರೆ ಕುಕ್ಕುವಂತೆ ಒಂದು ಕಣ್ಣಿನಿಂದ ನೋಡುತ್ತಿತ್ತು. ಬುಟ್ಟಿಯ ಹೆಣಿಗೆಯೊಳಗಿಂದ ಎಂಟು ಮೊಟ್ಟೆಗಳು ಹೊರಗೆ ಕಾಣುತ್ತಿದ್ದವು.

“ಎಂಟು ಅದಾವೇನವ್ವ?” ಎಂದು ಕೇಳಿದೆ.

“ಒಂಬತ್ತಣ್ಣ. ಒಂದು ಅದರ ಕಾಲಾಗ ಮುಚ್ಚಿ ಹೋಗ್ಯದ” ಎಂದಳು.

ಉಪಾಧ್ಯಾಯರಾಗಿ ಹೋಗುವ ನನ್ನ ಸಹಪಾಠಿಗಳಲ್ಲಿ ನನ್ನ ಬಿನ್ನಹ ಇಷ್ಟೇ. ಮಕ್ಕಳಿಗೆ ಮೊಟ್ಟೆಯನ್ನೂ ದುಂಡನ್ನೂ ಧಾರಾಳವಾಗಿ ಕೊಡಿ. ಹಕ್ಕಿ ಅವರದಾಗಿರಲಿ. ಅವರ ಸ್ಲೇಟಿನ ಮೇಲೆ ಅಂಗೈ ಇಡುವ ಮೊದಲು, ಇದು ಯಾವ ಹಕ್ಕಿ ಎಂದು ಒಮ್ಮೆ ಕೇಳಿ ನೋಡಿ.